ರಿಚರ್ಡ್ ಬರ್ಡನ್ ಹಾಲ್ಡೇನ್

ರಿಚರ್ಡ್ ಬರ್ಡನ್ ಹಾಲ್ಡೇನ್ (ಜುಲೈ 30, 1856 – ಆಗಸ್ಟ್ 19, 1928) ಅವರು ಬ್ರಿಟನ್ನಿನ ರಾಜಕಾರಣಿ, ನ್ಯಾಯವಾದಿ ಮತ್ತು ತತ್ತ್ವಶಾಸ್ತ್ರಜ್ಞರು. 1905ರ ಡಿಸೆಂಬರ್‌ನಿಂದ 1912ರ ಜೂನ್‌ವರೆಗೆ ಯುದ್ಧ ಸಚಿವರಾಗಿದ್ದ ಇವರು ಬ್ರಿಟಿಷ್ ಸೈನ್ಯವನ್ನು ಪುನರ್ರಚಿಸಿದರು. ಪರದೇಶದಲ್ಲಿ ಹೋರಾಡಲು ಸದಾ ಸಿದ್ಧವಿರುವ ದಂಡಯಾತ್ರಾ ಪಡೆ, ಅದರ ಹಿಂದೆ ಅರೆಕಾಲಿಕ ನಾಗರಿಕರಿಂದ ಕೂಡಿದ ಟೆರಿಟೋರಿಯಲ್ ಫೋರ್ಸ್ ಎಂಬ ಮೀಸಲು ಸೇನೆ, ಇವೆರಡೂ ಇವರ ಆಡಳಿತದ ಫಲಗಳು. ಚರಿತ್ರೆಯಲ್ಲಿ ಈ ಬದಲಾವಣೆಗಳು ಹಾಲ್ಡೇನ್ ಸುಧಾರಣೆಗಳು ಎಂದೇ ಪ್ರಸಿದ್ಧವಾಗಿವೆ. ಮೀಸಲು ಪಡೆಯ ರಚನೆ ಹೇಗಿರಬೇಕು, ಯುದ್ಧಕಾಲದಲ್ಲಿ ಅದರ ಪಾತ್ರವೇನು ಎಂಬ ಪ್ರಶ್ನೆಗಳನ್ನು ಶಾಂತಿಕಾಲದಲ್ಲಿಯೇ ಒಂದು ಪದ್ಧತಿಯಾಗಿ ಇತ್ಯರ್ಥಪಡಿಸಲು ಯತ್ನಿಸಿದ ಆಡಳಿತಗಾರರಲ್ಲಿ ಇವರು ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಹಾಲ್ಡೇನ್ ಅವರು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ತಂದೆ ರಾಬರ್ಟ್ ಹಾಲ್ಡೇನ್ ವಕೀಲರಾಗಿದ್ದರು. ತಾಯಿ ಮೇರಿ ಎಲಿಜಬೆತ್ ನೂರು ವರ್ಷ ಬಾಳಿ 1925ರಲ್ಲಿ ನಿಧನರಾದರು. ಎಷ್ಟೇ ಕಾರ್ಯಭಾರವಿದ್ದರೂ ತಾಯಿಗೆ ಬಹುತೇಕ ಪ್ರತಿದಿನವೂ ಪತ್ರ ಬರೆಯುವ ರೂಢಿಯನ್ನು ಹಾಲ್ಡೇನ್ ಅವರು ಕೊನೆಯವರೆಗೂ ಪಾಲಿಸಿದರು. ಈ ಪತ್ರಗಳು ಇಂದು ಅವರ ಜೀವನವನ್ನು ತಿಳಿಯಲು ಮುಖ್ಯ ಆಕರಗಳಾಗಿವೆ. ಸಹೋದರ ಜಾನ್ ಸ್ಕಾಟ್ ಹಾಲ್ಡೇನ್ ಹೆಸರಾಂತ ಶರೀರಕ್ರಿಯಾ ವಿಜ್ಞಾನಿ. ಸಹೋದರಿ ಎಲಿಜಬೆತ್ ಹಾಲ್ಡೇನ್ ಲೇಖಕಿ ಹಾಗೂ ಸಮಾಜ ಸೇವಕಿ. ಮುಂದೆ ಭಾರತಕ್ಕೆ ಬಂದು ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವರು ಜಾನ್ ಸ್ಕಾಟ್ ಅವರ ಮಗ. ಹೀಗಾಗಿ ರಿಚರ್ಡ್ ಅವರು ಈ ವಿಜ್ಞಾನಿಗೆ ದೊಡ್ಡಪ್ಪನಾಗಬೇಕು.

ಎಡಿನ್‌ಬರೋ ಅಕಾಡೆಮಿಯಲ್ಲಿ ಶಾಲಾ ಶಿಕ್ಷಣವನ್ನು ಮುಗಿಸಿ ಹಾಲ್ಡೇನ್ ಅವರು ಅದೇ ನಗರದ ವಿಶ್ವವಿದ್ಯಾನಿಲಯವನ್ನು ಸೇರಿದರು. 1874ರಲ್ಲಿ ಕೆಲವು ತಿಂಗಳು ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿದ್ದು ತತ್ತ್ವಶಾಸ್ತ್ರಜ್ಞ ಹರ್ಮನ್ ಲೋಟ್ಸೆ ಅವರಲ್ಲಿ ಅಧ್ಯಯನ ಮಾಡಿದರು. ಆ ದಿನಗಳಲ್ಲಿ ಮೂಡಿದ ಜರ್ಮನ್ ತತ್ತ್ವಶಾಸ್ತ್ರದ ಒಲವು ಜೀವನಪರ್ಯಂತ ಉಳಿಯಿತು. ಹೆಗೆಲ್ ಅವರ ಚಿಂತನೆಯು ಹಾಲ್ಡೇನ್ ಅವರ ಮೇಲೆ ಆಳವಾದ ಪ್ರಭಾವ ಬೀರಿತು. ಜಾನ್ ಕೆಂಪ್ ಎಂಬವರೊಡನೆ ಸೇರಿ ಶೋಪೆನ್‌ಹಾವರ್‌ನ ಪ್ರಮುಖ ಗ್ರಂಥವನ್ನು 1883ರಿಂದ 1886ರ ಅವಧಿಯಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ಜರ್ಮನ್ ವಿದ್ಯೆಯ ಮೇಲಿನ ಈ ಪ್ರೀತಿಯೇ ಮುಂದೆ ಅವರ ರಾಜಕೀಯ ಜೀವನಕ್ಕೆ ಮುಳುವಾಯಿತು.

ವಕೀಲಿ ವೃತ್ತಿ ಮತ್ತು ರಾಜಕೀಯ ಪ್ರವೇಶ

1879ರಲ್ಲಿ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದ ಹಾಲ್ಡೇನ್ ಅವರು 1890ರಲ್ಲಿ ಕ್ವೀನ್ಸ್ ಕೌನ್ಸೆಲ್ ಪದವಿಗೆ ಏರಿದರು. ಸಾಮ್ರಾಜ್ಯದ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಅವರ ಮುಖ್ಯ ಕಾರ್ಯಕ್ಷೇತ್ರಗಳಲ್ಲಿ ಒಂದಾಗಿತ್ತು. ಭಾರತ, ಕೆನಡಾ ಮೊದಲಾದ ದೇಶಗಳ ಉಚ್ಚ ನ್ಯಾಯಾಲಯಗಳಿಂದ ಬಂದ ಮೇಲ್ಮನವಿಗಳು ಅಲ್ಲಿ ವಿಚಾರಣೆಗೆ ಬರುತ್ತಿದ್ದವು. ಬೇರೆ ಬೇರೆ ದೇಶಗಳ ಕಾನೂನು ಪದ್ಧತಿಗಳ ಮೂಲತತ್ತ್ವವನ್ನು ಬೇಗನೆ ಗ್ರಹಿಸಿ ವಾದ ಮಂಡಿಸುವ ಶಕ್ತಿಯಿಂದ ಅವರು ಹೆಸರು ಗಳಿಸಿದರು.

1885ರಲ್ಲಿ ಲಿಬರಲ್ ಪಕ್ಷದ ಅಭ್ಯರ್ಥಿಯಾಗಿ ಹ್ಯಾಡಿಂಗ್ಟನ್‌ಶೈರ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾಗಿ, 1911ರವರೆಗೆ ಆ ಕ್ಷೇತ್ರವನ್ನು ಪ್ರತಿನಿಧಿಸಿದರು. ಹರ್ಬರ್ಟ್ ಆಸ್ಕ್ವಿತ್ ಮತ್ತು ಎಡ್ವರ್ಡ್ ಗ್ರೇ ಅವರ ಆಪ್ತ ಮಿತ್ರರಾಗಿದ್ದರು. ಶಿಕ್ಷಣ ಕ್ಷೇತ್ರದಲ್ಲಿಯೂ ಆಸಕ್ತಿ ತಳೆದು, 1895ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಹಾಗೂ 1907ರಲ್ಲಿ ಇಂಪೀರಿಯಲ್ ಕಾಲೇಜು ಸ್ಥಾಪನೆಯಾಗುವಲ್ಲಿ ನೆರವಾದರು. ಹಾಲ್ಡೇನ್ ಅವರು ಅವಿವಾಹಿತರಾಗಿಯೇ ಉಳಿದರು. 1890ರಲ್ಲಿ ನಿಶ್ಚಯವಾಗಿದ್ದ ವಿವಾಹವೊಂದು ಕೆಲವೇ ವಾರಗಳಲ್ಲಿ ಮುರಿದುಬಿದ್ದಿತ್ತು.

ಸುಧಾರಣೆಯ ಹಿನ್ನೆಲೆ

1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧವು ಬ್ರಿಟಿಷ್ ಸೈನ್ಯ ವ್ಯವಸ್ಥೆಯ ದೌರ್ಬಲ್ಯವನ್ನು ಬಯಲುಮಾಡಿತು. ಕಾಯಂ ಸೈನ್ಯ ಸಾಲದೆ ಹೋದಾಗ ಮಿಲಿಷಿಯಾ, ಯೋಮನ್ರಿ ಮತ್ತು ವಾಲಂಟಿಯರ್ ಎಂಬ ಮೂರು ಬಗೆಯ ಅರೆಕಾಲಿಕ ಪಡೆಗಳಿಂದ ಜನರನ್ನು ಅವಸರದಲ್ಲಿ ಒಟ್ಟುಗೂಡಿಸಿ ಕಳುಹಿಸಬೇಕಾಯಿತು. ಮಿಲಿಷಿಯಾ ಇವುಗಳಲ್ಲಿ ಅತ್ಯಂತ ಹಳೆಯದು. ಯೋಮನ್ರಿ ಎಂಬುದು 1794ರಲ್ಲಿ ಆರಂಭವಾದ, ಬಹುತೇಕ ಗ್ರಾಮೀಣ ಜಮೀನುದಾರರಿಂದ ಕೂಡಿದ ಅಶ್ವದಳ. ವಾಲಂಟಿಯರ್ ಪಡೆ 1859ರಲ್ಲಿ ಫ್ರಾನ್ಸಿನ ಆಕ್ರಮಣದ ಭೀತಿ ಹಬ್ಬಿದಾಗ ಪಟ್ಟಣಗಳ ಮಧ್ಯಮ ವರ್ಗದವರು ಹಾಗೂ ಕುಶಲಕರ್ಮಿಗಳು ಕಟ್ಟಿಕೊಂಡದ್ದು.

ಈ ಮೂರು ಪಡೆಗಳಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಆದರೆ ಒಂದಕ್ಕೊಂದು ಸಂಬಂಧವಿರಲಿಲ್ಲ. ವಾಲಂಟಿಯರ್ ಪಡೆಯಲ್ಲಿ ಕಾಲಾಳುಗಳು ಧಾರಾಳವಾಗಿದ್ದರು. ಅವರಿಗೆ ಬೆಂಬಲ ಕೊಡಬೇಕಾದ ಫಿರಂಗಿ, ಸಾಗಾಟ, ಸರಬರಾಜು ಮತ್ತು ವೈದ್ಯಕೀಯ ದಳಗಳು ತೀರ ಕಡಿಮೆ. ವಾಲಂಟಿಯರ್ ಆದವನು ಹದಿನಾಲ್ಕು ದಿನಗಳ ಸೂಚನೆ ಕೊಟ್ಟು ಪಡೆಯನ್ನು ಬಿಟ್ಟುಹೋಗಬಹುದಾಗಿತ್ತು. ಯುದ್ಧ ಬಂದರೆ ಈ ಜನರ ಕೆಲಸವೇನು, ಅವರು ಯಾರ ಕೈಕೆಳಗೆ ಹೋರಾಡಬೇಕು, ಎಷ್ಟು ದಿನಗಳಲ್ಲಿ ಸಿದ್ಧರಾಗಬೇಕು ಎಂಬುದು ನಿರ್ಧಾರವಾಗಿರಲಿಲ್ಲ. ಬೋಯರ್ ಯುದ್ಧದ ಅನಂತರ ಎಲ್ಗಿನ್ ಆಯೋಗ, ನಾರ್ಫೋಕ್ ಆಯೋಗ ಮತ್ತು ಎಷರ್ ಸಮಿತಿಗಳು ಈ ವಿಷಯಗಳನ್ನು ಪರಿಶೀಲಿಸಿದವು. ಸೇಂಟ್ ಜಾನ್ ಬ್ರಾಡ್ರಿಕ್ ಹಾಗೂ ಹ್ಯೂ ಆರ್ನಾಲ್ಡ್-ಫಾರ್ಸ್ಟರ್ ಎಂಬ ಇಬ್ಬರು ಸಚಿವರು ಒಬ್ಬರ ಹಿಂದೆ ಒಬ್ಬರು ಸುಧಾರಣೆಗೆ ಕೈಹಾಕಿ ವಿಫಲರಾದರು.

ಯುದ್ಧ ಸಚಿವರಾಗಿ

1905ರ ಡಿಸೆಂಬರ್‌ನಲ್ಲಿ ಹೆನ್ರಿ ಕ್ಯಾಂಪ್‌ಬೆಲ್-ಬ್ಯಾನರ್‌ಮನ್ ಅವರ ಲಿಬರಲ್ ಸರ್ಕಾರ ಅಧಿಕಾರಕ್ಕೆ ಬಂದಾಗ ಹಾಲ್ಡೇನ್ ಅವರು ಯುದ್ಧ ಇಲಾಖೆಯನ್ನು ವಹಿಸಿಕೊಂಡರು. ಹಲವು ಸಚಿವರ ಕೀರ್ತಿಯನ್ನು ಕುಂದಿಸಿದ್ದ ಆ ಖಾತೆಯನ್ನು ಯಾರೂ ಬಯಸುತ್ತಿರಲಿಲ್ಲ. ಹಾಲ್ಡೇನ್ ಅವರಿಗೆ ಸೈನ್ಯದ ಅನುಭವ ಸ್ವಲ್ಪವೂ ಇರಲಿಲ್ಲ. ಎಂಥ ಸೈನ್ಯವನ್ನು ಕಟ್ಟುವಿರಿ ಎಂದು ಸೇನಾಧಿಕಾರಿಗಳು ಕೇಳಿದಾಗ, ಹೆಗೆಲ್‌ನ ತತ್ತ್ವಕ್ಕೆ ಒಪ್ಪುವಂಥ ಸೈನ್ಯ ಎಂದು ಅವರು ಉತ್ತರಿಸಿದರೆಂದೂ, ಮಾತುಕತೆ ಅಲ್ಲಿಗೇ ನಿಂತಿತೆಂದೂ ಅವರ ಆತ್ಮಕಥೆಯಿಂದ ತಿಳಿದುಬರುತ್ತದೆ. ವಿನೋದದ ಮಾತಾದರೂ ಅದರಲ್ಲಿ ಅವರ ಕಾರ್ಯಕ್ರಮ ಅಡಗಿತ್ತು. ಮೊದಲು ಉದ್ದೇಶವನ್ನು ನಿಶ್ಚಯಿಸಿ, ಆಮೇಲೆ ಅದಕ್ಕೆ ತಕ್ಕಂತೆ ಅಂಗಾಂಗಗಳನ್ನು ರೂಪಿಸಬೇಕೆಂಬುದೇ ಆ ಕಾರ್ಯಕ್ರಮ.

ಪ್ರಾರಂಭದಲ್ಲಿ ಅವರು ಯಾವ ಯೋಜನೆಯನ್ನೂ ಪ್ರಕಟಿಸದೆ ತಿಂಗಳುಗಟ್ಟಲೆ ಅಧ್ಯಯನ ಮಾಡಿದರು. ಖಾಸಗಿ ಕಾರ್ಯದರ್ಶಿಯಾಗಿದ್ದ ಕರ್ನಲ್ ಜೆರಾಲ್ಡ್ ಎಲಿಸನ್ ಮತ್ತು 1906ರಲ್ಲಿ ಇಲಾಖೆಗೆ ಬಂದ ಡಗ್ಲಸ್ ಹೇಗ್ ಅವರ ನೆರವು ದೊರೆಯಿತು. ಅದೇ ವರ್ಷ ಬರ್ಲಿನ್‌ಗೆ ಹೋಗಿ ಜರ್ಮನ್ ಯುದ್ಧ ಇಲಾಖೆಯ ಕಾರ್ಯವಿಧಾನವನ್ನು ನೋಡಿಬಂದರು. ಖರ್ಚನ್ನು ತಗ್ಗಿಸಬೇಕೆಂಬುದು ಲಿಬರಲ್ ಪಕ್ಷದ ಒತ್ತಾಯವಾಗಿತ್ತು. ಆದುದರಿಂದ ಸೈನ್ಯದ ವಾರ್ಷಿಕ ವೆಚ್ಚಕ್ಕೆ 2 ಕೋಟಿ 80 ಲಕ್ಷ ಪೌಂಡುಗಳ ಮಿತಿಯನ್ನು ಅವರೇ ಹಾಕಿಕೊಂಡರು. ಆ ಹಣದ ಮಿತಿಯೊಳಗೆ ಎಂಥ ಸೈನ್ಯ ಸಾಧ್ಯ ಎಂಬುದು ಅವರ ಮುಂದಿದ್ದ ಲೆಕ್ಕ.

ಎರಡು ಸಾಲುಗಳ ಸೈನ್ಯ

ಹಾಲ್ಡೇನ್ ಅವರ ಯೋಜನೆಯಲ್ಲಿ ಸೈನ್ಯಕ್ಕೆ ಎರಡು ಸಾಲುಗಳು. ಮೊದಲನೆಯದು ಆರು ಕಾಲಾಳು ಡಿವಿಷನ್‌ಗಳು ಮತ್ತು ಒಂದು ಅಶ್ವದಳ ಡಿವಿಷನ್ ಸೇರಿದ ದಂಡಯಾತ್ರಾ ಪಡೆ. ಆರು ಎಂಬ ಸಂಖ್ಯೆ ಕೇವಲ ಯುದ್ಧತಂತ್ರದಿಂದ ಹುಟ್ಟಿದ್ದಲ್ಲ. 1870ರ ದಶಕದಿಂದ ಜಾರಿಯಲ್ಲಿದ್ದ ಕಾರ್ಡ್‌ವೆಲ್ ಪದ್ಧತಿಯಂತೆ ರೆಜಿಮೆಂಟಿನ ಒಂದು ಬೆಟಾಲಿಯನ್ ಭಾರತ ಮೊದಲಾದ ಪರದೇಶಗಳಲ್ಲಿ ಕಾವಲಿಗಿದ್ದರೆ, ಅದರ ಜೋಡಿ ಬೆಟಾಲಿಯನ್ ಸ್ವದೇಶದಲ್ಲಿದ್ದು ಅದಕ್ಕೆ ಜನರನ್ನು ಒದಗಿಸಬೇಕಿತ್ತು. ಹೀಗೆ ಸ್ವದೇಶದಲ್ಲಿ ಉಳಿದ ಬೆಟಾಲಿಯನ್‌ಗಳಿಂದ ಆರು ಡಿವಿಷನ್‌ಗಳು ಆಗುತ್ತಿದ್ದವು. ಅಂದರೆ ಯುರೋಪಿಗೆ ಕಳುಹಿಸಬಹುದಾದ ಪಡೆಯ ಗಾತ್ರವನ್ನು ಬಹುಮಟ್ಟಿಗೆ ಭಾರತದ ಕಾವಲು ಪಡೆಯೇ ನಿರ್ಣಯಿಸುತ್ತಿತ್ತು. ಸೇವೆ ಮುಗಿಸಿ ಮನೆಗೆ ಹೋದ ಕಾಯಂ ಸೈನಿಕರು ಕೆಲವು ವರ್ಷ ಮೀಸಲಿನಲ್ಲಿದ್ದು, ಯುದ್ಧ ಬಂದ ಕೂಡಲೇ ಈ ಬೆಟಾಲಿಯನ್‌ಗಳನ್ನು ಪೂರ್ಣ ಸಂಖ್ಯೆಗೆ ತರುತ್ತಿದ್ದರು.

ಎರಡನೆಯ ಸಾಲು ಟೆರಿಟೋರಿಯಲ್ ಫೋರ್ಸ್. ದೇಶದ ಪ್ರತಿಯೊಂದು ಪ್ರದೇಶದ ನಾಗರಿಕರು ತಮ್ಮ ಉದ್ಯೋಗದ ಜೊತೆಗೆ ಸೈನಿಕ ತರಬೇತಿ ಪಡೆದು, ಯುದ್ಧ ಘೋಷಣೆಯಾದ ಮೇಲೆ ಆರು ತಿಂಗಳ ಸತತ ತರಬೇತಿಯಿಂದ ರಣರಂಗಕ್ಕೆ ಯೋಗ್ಯರಾಗಬೇಕು ಎಂಬುದು ಇದರ ಕಲ್ಪನೆ. ಕಾಯಂ ಸೈನ್ಯ ಮೊದಲ ಪೆಟ್ಟನ್ನು ತಡೆದುಕೊಳ್ಳುವಷ್ಟರಲ್ಲಿ ಅದರ ಹಿಂದೆ ಇಡೀ ರಾಷ್ಟ್ರವೇ ಸೈನ್ಯವಾಗಿ ವಿಸ್ತರಿಸಬೇಕೆಂಬುದು ಹಾಲ್ಡೇನ್ ಅವರ ಮೂಲ ಆಶಯವಾಗಿತ್ತು.

ಟೆರಿಟೋರಿಯಲ್ ಫೋರ್ಸಿನ ರಚನೆ

ಟೆರಿಟೋರಿಯಲ್ ಮತ್ತು ಮೀಸಲು ಪಡೆಗಳ ಕಾಯಿದೆ 1907ರಲ್ಲಿ ಅಂಗೀಕಾರವಾಯಿತು. 1908ರ ಏಪ್ರಿಲ್ 1ರಂದು ಯೋಮನ್ರಿ ಮತ್ತು ವಾಲಂಟಿಯರ್ ಪಡೆಗಳು ಒಂದುಗೂಡಿ ಹೊಸ ಪಡೆ ಅಸ್ತಿತ್ವಕ್ಕೆ ಬಂದಿತು. ಇದಕ್ಕೆ 14 ಕಾಲಾಳು ಡಿವಿಷನ್‌ಗಳು ಹಾಗೂ 14 ಅಶ್ವಾರೋಹಿ ಬ್ರಿಗೇಡ್‌ಗಳನ್ನು ನಿಗದಿಪಡಿಸಲಾಯಿತು. ಒಟ್ಟು ಬಲ ಸುಮಾರು ಮೂರು ಲಕ್ಷ.

ಹೊಸ ರಚನೆಯ ಮುಖ್ಯ ಲಕ್ಷಣ ಅದರ ಸಮಗ್ರತೆ. ಪ್ರತಿ ಡಿವಿಷನ್ನಿನಲ್ಲಿ ಮೂರು ಕಾಲಾಳು ಬ್ರಿಗೇಡ್‌ಗಳಿದ್ದು, ಅವುಗಳಲ್ಲಿ ಒಟ್ಟು 12 ಬೆಟಾಲಿಯನ್‌ಗಳಿದ್ದವು. ಜೊತೆಗೆ ಅದೇ ಡಿವಿಷನ್ನಿಗೆ ಸೇರಿದ ಫಿರಂಗಿ ದಳ, ಎಂಜಿನಿಯರ್ ದಳ, ಸಂಕೇತ ದಳ, ಆಂಬುಲೆನ್ಸ್ ಘಟಕಗಳು, ಸಾಗಾಟ ಮತ್ತು ಸರಬರಾಜು ವ್ಯವಸ್ಥೆಗಳಿದ್ದವು. ಕಾಯಂ ಸೈನ್ಯದ ಡಿವಿಷನ್ನಿನಲ್ಲಿ ಇರಬೇಕಾದುದೆಲ್ಲವೂ ಇದರಲ್ಲಿಯೂ ಶಾಂತಿಕಾಲದಿಂದಲೇ ಇರಬೇಕೆಂಬುದು ನಿಯಮ. ಡಿವಿಷನ್ನಿನ ಮುಖ್ಯಸ್ಥರಾಗಿ ಕಾಯಂ ಸೈನ್ಯದ ಜನರಲ್‌ಗಳನ್ನು ನೇಮಿಸಲಾಯಿತು. ಬೆಟಾಲಿಯನ್ನಿನ ಅಡ್ಜುಟಂಟ್ ಮತ್ತು ಶಿಕ್ಷಕರೂ ಕಾಯಂ ಸೈನ್ಯದವರೇ. ಇವರನ್ನು ಬಿಟ್ಟರೆ ಉಳಿದವರೆಲ್ಲರೂ ಅಂಗಡಿ, ಗಿರಣಿ, ಗಣಿ, ಹೊಲ, ಕಚೇರಿಗಳಲ್ಲಿ ದುಡಿಯುತ್ತಿದ್ದ ನಾಗರಿಕರು.

ಹದಿನೇಳರಿಂದ ಮೂವತ್ತೈದು ವರ್ಷ ವಯಸ್ಸಿನವರು ನಾಲ್ಕು ವರ್ಷಗಳ ಅವಧಿಗೆ ಸೇರಬಹುದಾಗಿತ್ತು. ಸಂಜೆಯ ವೇಳೆ ಹಾಗೂ ವಾರಾಂತ್ಯದಲ್ಲಿ ಕವಾಯತು, ವರ್ಷಕ್ಕೊಮ್ಮೆ ಗರಿಷ್ಠ ಹದಿನೈದು ದಿನಗಳ ಶಿಬಿರ ನಡೆಯುತ್ತಿದ್ದವು. ಇವರ ಆಡಳಿತಕ್ಕಾಗಿ ಪ್ರತಿ ಕೌಂಟಿಯಲ್ಲಿ ಒಂದು ಸಂಘವನ್ನು ರಚಿಸಿ, ರಾಜನ ಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟ್‌ರನ್ನು ಅದರ ಅಧ್ಯಕ್ಷರನ್ನಾಗಿ ಮಾಡಲಾಯಿತು. ಸೈನಿಕ ಸದಸ್ಯರೊಡನೆ ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳೂ, ಮಾಲೀಕರ ಹಾಗೂ ಕಾರ್ಮಿಕರ ಪರವಾದವರೂ ಸಂಘದಲ್ಲಿರಲು ಅವಕಾಶವಿತ್ತು. ಜನರನ್ನು ಸೇರಿಸಿಕೊಳ್ಳುವುದು, ಕವಾಯತು ಭವನ ಮತ್ತು ಗುರಿ ಅಭ್ಯಾಸದ ಮೈದಾನಗಳನ್ನು ಒದಗಿಸುವುದು, ಸಮವಸ್ತ್ರ ಹಾಗೂ ಕುದುರೆಗಳನ್ನು ಹೊಂದಿಸುವುದು ಸಂಘದ ಕೆಲಸ. ತರಬೇತಿ ಮತ್ತು ಯುದ್ಧದ ಆಜ್ಞೆ ಮಾತ್ರ ಯುದ್ಧ ಇಲಾಖೆಯ ಕೈಯಲ್ಲಿತ್ತು. ಅರೆಕಾಲಿಕ ಸೈನಿಕನಿಗೆ ಅವನ ಊರು, ಅವನ ಮಾಲೀಕ, ಅವನ ನೆರೆಹೊರೆ ಬೆಂಬಲ ಕೊಡದಿದ್ದರೆ ಇಂಥ ಪಡೆ ನಿಲ್ಲಲಾರದೆಂಬ ತಿಳಿವಳಿಕೆ ಈ ವ್ಯವಸ್ಥೆಯ ಹಿಂದಿತ್ತು.

ರಾಜ 7ನೆಯ ಎಡ್ವರ್ಡ್ 1907ರ ಅಕ್ಟೋಬರ್‌ನಲ್ಲಿ ಲಾರ್ಡ್ ಲೆಫ್ಟಿನೆಂಟ್‌ಗಳನ್ನು ಅರಮನೆಗೆ ಕರೆಸಿ ಯೋಜನೆಗೆ ಬೆಂಬಲ ಕೊಡುವಂತೆ ಹೇಳಿದನು. 1909ರಲ್ಲಿ ಇಂಗ್ಲೆಂಡಿನ ಮೇಲೆ ಶತ್ರುಗಳು ಎರಗುವ ಕಥೆಯುಳ್ಳ ನಾಟಕವೊಂದು ಲಂಡನ್ನಿನಲ್ಲಿ ಜನಪ್ರಿಯವಾದಾಗ ಪಡೆಗೆ ಸೇರುವವರ ಸಂಖ್ಯೆ ಏರಿತು. ಆದರೂ ನಿಗದಿಯಾದ ಪೂರ್ಣ ಸಂಖ್ಯೆಯನ್ನು ಪಡೆ ಎಂದೂ ಮುಟ್ಟಲಿಲ್ಲ.

ಮಿಲಿಷಿಯಾ ಮತ್ತು ವಿಶೇಷ ಮೀಸಲು

ಮಿಲಿಷಿಯಾವನ್ನೂ ಹೊಸ ವ್ಯವಸ್ಥೆಯಲ್ಲಿ ಸೇರಿಸುವುದು ಹಾಲ್ಡೇನ್ ಅವರಿಗೆ ಕಠಿಣವಾಯಿತು. ಕಾಯಂ ಸೈನ್ಯದಲ್ಲಿ ಸತ್ತವರ ಮತ್ತು ಗಾಯಗೊಂಡವರ ಸ್ಥಾನವನ್ನು ತುಂಬಲು ಮಿಲಿಷಿಯಾ ಜನರನ್ನು ಒದಗಿಸಬೇಕೆಂದು ಅವರು ಕೇಳಿದರು. ತಮ್ಮ ಬೆಟಾಲಿಯನ್‌ಗಳು ಇಡಿಯಾಗಿ ಯುದ್ಧಕ್ಕೆ ಹೋಗಬೇಕೇ ಹೊರತು ಇತರರಿಗೆ ಆಳು ಕೊಡುವ ಡಿಪೋಗಳಾಗಬಾರದೆಂದು ಮಿಲಿಷಿಯಾದ ಕರ್ನಲ್‌ಗಳು ಹಟ ಹಿಡಿದರು. ಇವರಲ್ಲಿ ಅನೇಕರು ಪ್ರಭಾವಿ ಭೂಮಾಲೀಕರಾಗಿದ್ದುದರಿಂದ ಮಾತುಕತೆ ಫಲಿಸಲಿಲ್ಲ. ಕೊನೆಗೆ ಮಿಲಿಷಿಯಾವನ್ನು ರದ್ದುಮಾಡಿ ವಿಶೇಷ ಮೀಸಲು ಎಂಬ ಹೊಸ ಪಡೆಯನ್ನು ರಚಿಸಲಾಯಿತು. ಇದರಲ್ಲಿ ಸೇರಿದವರು ಮೊದಲು ಆರು ತಿಂಗಳು ಪೂರ್ಣಕಾಲಿಕ ತರಬೇತಿ ಪಡೆದು, ಅನಂತರ ಪ್ರತಿವರ್ಷ ಕೆಲವು ವಾರ ಅಭ್ಯಾಸಕ್ಕೆ ಬರಬೇಕಿತ್ತು. ಯುದ್ಧಕಾಲದಲ್ಲಿ ಕಾಯಂ ಬೆಟಾಲಿಯನ್‌ಗಳಿಗೆ ಆಳುಗಳನ್ನು ಒದಗಿಸುವುದು ಇದರ ಪಾತ್ರ.

ಇಡಿಯಾಗಿ ಹೋರಾಡುವ ಘಟಕವೇ, ಬೇರೆಯವರ ತೆರವನ್ನು ತುಂಬುವ ಆಳುಗಳ ಮೂಲವೇ ಎಂಬ ಈ ವಿವಾದವು ಮೀಸಲು ಪಡೆಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಹಾಲ್ಡೇನ್ ಅವರು ಎರಡೂ ಕೆಲಸಗಳನ್ನು ಒಂದೇ ಪಡೆಗೆ ಹೊರಿಸದೆ, ಎರಡಕ್ಕೂ ಪ್ರತ್ಯೇಕ ಪಡೆಗಳನ್ನು ಇರಿಸಿದರು.

ಅಧಿಕಾರಿಗಳ ತರಬೇತಿ ಮತ್ತು ಜನರಲ್ ಸ್ಟಾಫ್

ದೊಡ್ಡ ಮೀಸಲು ಪಡೆಗೆ ಬೇಕಾಗುವ ಅಧಿಕಾರಿಗಳನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರವಾಗಿ 1908ರಲ್ಲಿ ಅಧಿಕಾರಿ ತರಬೇತಿ ದಳ ಆರಂಭವಾಯಿತು. ವಿಶ್ವವಿದ್ಯಾನಿಲಯಗಳಲ್ಲಿ ಹಿರಿಯರ ವಿಭಾಗ, ಶಾಲೆಗಳಲ್ಲಿ ಕಿರಿಯರ ವಿಭಾಗ ಇದ್ದವು. ಮಹಾಯುದ್ಧದ ಮೊದಲ ವರ್ಷಗಳಲ್ಲಿ ಅಧಿಕಾರಿಗಳಾದ ಸಾವಿರಾರು ತರುಣರು ಈ ದಳದಲ್ಲಿ ತರಬೇತಿ ಪಡೆದವರೇ. ಯುದ್ಧದ ಯೋಜನೆಗಳನ್ನು ಮುಂಚಿತವಾಗಿ ಸಿದ್ಧಪಡಿಸುವ ಜನರಲ್ ಸ್ಟಾಫ್ 1906ರಲ್ಲಿ ರೂಪುಗೊಂಡು, 1909ರಲ್ಲಿ ಇಂಪೀರಿಯಲ್ ಜನರಲ್ ಸ್ಟಾಫ್ ಎಂಬ ಹೆಸರು ಪಡೆಯಿತು. ಟೆರಿಟೋರಿಯಲ್ ಫೋರ್ಸಿನ ವೈದ್ಯಕೀಯ ವ್ಯವಸ್ಥೆಗೆ ನೆರವಾಗಲು ಸ್ವಯಂಸೇವಾ ಶುಶ್ರೂಷಾ ತಂಡಗಳನ್ನು 1909ರಲ್ಲಿ ಸಂಘಟಿಸಲಾಯಿತು. ಅದೇ ವರ್ಷ ವಿಮಾನ ವಿಜ್ಞಾನಕ್ಕಾಗಿ ವಿಜ್ಞಾನಿಗಳ ಸಲಹಾ ಸಮಿತಿಯೊಂದು ರಚನೆಯಾಗುವಲ್ಲಿಯೂ ಹಾಲ್ಡೇನ್ ಅವರ ಪಾತ್ರವಿತ್ತು.

ರಾಜಿ ಮತ್ತು ಟೀಕೆಗಳು

ಟೆರಿಟೋರಿಯಲ್ ಸೈನಿಕರು ಅಗತ್ಯಬಿದ್ದಾಗ ಪರದೇಶಕ್ಕೂ ಹೋಗಬೇಕೆಂಬುದು ಹಾಲ್ಡೇನ್ ಅವರ ಮೂಲ ಇಂಗಿತವಾಗಿದ್ದರೂ, ಕಾಯಿದೆಯಲ್ಲಿ ಅದು ಉಳಿಯಲಿಲ್ಲ. ಲಿಬರಲ್ ಪಕ್ಷದ ಅನೇಕರಿಗೆ ಯುರೋಪಿನ ಯುದ್ಧಕ್ಕಾಗಿ ದೊಡ್ಡ ಸೈನ್ಯವನ್ನು ಕಟ್ಟುವುದು ಇಷ್ಟವಿರಲಿಲ್ಲ. ಹಳೆಯ ವಾಲಂಟಿಯರ್‌ಗಳು ತಮ್ಮ ಸ್ವಾತಂತ್ರ್ಯವನ್ನು ಬಿಡಲು ಒಪ್ಪಲಿಲ್ಲ. ಮಸೂದೆ ಬಿದ್ದುಹೋಗಬಾರದೆಂದು ಹಾಲ್ಡೇನ್ ಅವರು ಪಡೆಯ ಕರ್ತವ್ಯವನ್ನು ಸ್ವದೇಶ ರಕ್ಷಣೆ ಎಂದು ಘೋಷಿಸಿದರು. ಪರದೇಶ ಸೇವೆ ವ್ಯಕ್ತಿಯ ಇಚ್ಛೆಗೆ ಬಿಟ್ಟ ವಿಷಯವಾಯಿತು. 1910ರಿಂದ ಇಂಥ ಒಪ್ಪಿಗೆಯನ್ನು ಮುಂಚಿತವಾಗಿ ಬರೆದುಕೊಡಲು ಅವಕಾಶ ಮಾಡಲಾಯಿತು. ಆದರೆ ಯುದ್ಧ ಆರಂಭವಾಗುವವರೆಗೆ ಹಾಗೆ ಒಪ್ಪಿದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ.

ಈ ರಾಜಿಯಿಂದ ಪಡೆ ಹುಟ್ಟಿತು. ಅದರ ಪಾತ್ರದ ಬಗ್ಗೆ ಅನುಮಾನವೂ ಅದರೊಂದಿಗೇ ಹುಟ್ಟಿತು. ನಿವೃತ್ತ ಸೇನಾನಿ ಲಾರ್ಡ್ ರಾಬರ್ಟ್ಸ್ ಮತ್ತು ಅವರು ಮುನ್ನಡೆಸುತ್ತಿದ್ದ ನ್ಯಾಷನಲ್ ಸರ್ವಿಸ್ ಲೀಗ್, ಕಡ್ಡಾಯ ಸೈನಿಕ ತರಬೇತಿಯಿಲ್ಲದೆ ದೇಶಕ್ಕೆ ರಕ್ಷಣೆಯಿಲ್ಲವೆಂದು ಪ್ರಚಾರ ಮಾಡಿದವು. ವರ್ಷಕ್ಕೆ ಹದಿನೈದು ದಿನದ ಶಿಬಿರದಿಂದ ಫಿರಂಗಿ ಪ್ರಯೋಗದಂಥ ಕಠಿಣ ವಿದ್ಯೆ ಬರಲಾರದೆಂದು ಕಾಯಂ ಸೈನ್ಯದ ಅಧಿಕಾರಿಗಳು ವಾದಿಸಿದರು. ಫಿರಂಗಿಗಳೂ ಬಂದೂಕುಗಳೂ ಹಳೆಯ ಮಾದರಿಯವು ಎಂಬ ದೂರು ನಿಜವೇ ಆಗಿತ್ತು. ಕಡ್ಡಾಯ ಸೇವೆಗೆ ಪಾರ್ಲಿಮೆಂಟಿನ ಒಪ್ಪಿಗೆ ದೊರೆಯದು, ಮೇಲಾಗಿ ಅಂಥ ಬದಲಾವಣೆಯ ಸಂಧಿಕಾಲದಲ್ಲಿ ದೇಶ ದುರ್ಬಲವಾಗಿರುತ್ತದೆ ಎಂಬುದು ಹಾಲ್ಡೇನ್ ಅವರ ಸಮಾಧಾನವಾಗಿತ್ತು.

ಲಾರ್ಡ್ ಚಾನ್ಸಲರ್ ಮತ್ತು ಬರ್ಲಿನ್ ಸಂಧಾನ

1911ರಲ್ಲಿ ಹಾಲ್ಡೇನ್ ಅವರಿಗೆ ವೈಕೌಂಟ್ ಪದವಿ ದೊರೆತು ಅವರು ಲಾರ್ಡ್ಸ್ ಸಭೆಯ ಸದಸ್ಯರಾದರು. 1912ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಜರ್ಮನಿಗಳ ನಡುವಣ ನೌಕಾಬಲದ ಪೈಪೋಟಿಯನ್ನು ತಗ್ಗಿಸುವ ಸಲುವಾಗಿ ಸರ್ಕಾರ ಅವರನ್ನು ಬರ್ಲಿನ್‌ಗೆ ಕಳುಹಿಸಿತು. ಸಂಧಾನ ಸಫಲವಾಗಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಅವರು ದೇಶದ ಅತ್ಯುನ್ನತ ನ್ಯಾಯ ಪದವಿಯಾದ ಲಾರ್ಡ್ ಚಾನ್ಸಲರ್ ಸ್ಥಾನವನ್ನು ಅಲಂಕರಿಸಿ, ಯುದ್ಧ ಇಲಾಖೆಯಿಂದ ಬಿಡುಗಡೆ ಹೊಂದಿದರು.

ಮಹಾಯುದ್ಧದಲ್ಲಿ ಮೀಸಲು ಪಡೆಯ ಪರೀಕ್ಷೆ

1914ರ ಆಗಸ್ಟ್ 3ರಂದು, ಆಗ ಯುದ್ಧ ಖಾತೆಯನ್ನೂ ತಾವೇ ನೋಡಿಕೊಳ್ಳುತ್ತಿದ್ದ ಪ್ರಧಾನಿ ಆಸ್ಕ್ವಿತ್ ಅವರ ಕೋರಿಕೆಯಂತೆ ಹಾಲ್ಡೇನ್ ಅವರು ಮತ್ತೆ ಯುದ್ಧ ಇಲಾಖೆಗೆ ಹೋಗಿ ಸೈನ್ಯವನ್ನು ಸಜ್ಜುಗೊಳಿಸುವ ಆಜ್ಞೆಯನ್ನು ಜಾರಿಮಾಡಿದರು. ವರ್ಷಗಳ ಹಿಂದೆಯೇ ಸಿದ್ಧವಾಗಿದ್ದ ವೇಳಾಪಟ್ಟಿಯಂತೆ ರೈಲುಗಳೂ ಹಡಗುಗಳೂ ಹೊರಟು, ದಂಡಯಾತ್ರಾ ಪಡೆ ಆ ತಿಂಗಳಲ್ಲೇ ಫ್ರಾನ್ಸ್ ತಲುಪಿತು.

ಕೆಲವೇ ದಿನಗಳಲ್ಲಿ ಲಾರ್ಡ್ ಕಿಚನರ್ ಯುದ್ಧ ಸಚಿವರಾದರು. ಬಹುಕಾಲ ಈಜಿಪ್ಟ್ ಮತ್ತು ಭಾರತಗಳಲ್ಲಿ ಕಳೆದಿದ್ದ ಕಿಚನರ್ ಅವರಿಗೆ ಅರೆಕಾಲಿಕ ಸೈನಿಕರಲ್ಲಿ ನಂಬಿಕೆಯಿರಲಿಲ್ಲ. ಕೌಂಟಿ ಸಂಘಗಳ ಮೂಲಕ ಟೆರಿಟೋರಿಯಲ್ ಫೋರ್ಸನ್ನೇ ವಿಸ್ತರಿಸುವ ಹಾಲ್ಡೇನ್ ಅವರ ಕ್ರಮವನ್ನು ಕೈಬಿಟ್ಟು, ಅವರು ಹೊಸ ಸೈನ್ಯವೊಂದನ್ನು ಬೇರೆಯಾಗಿಯೇ ಕಟ್ಟಲು ತೊಡಗಿದರು. ಸ್ವದೇಶ ಸೇವೆಗೆ ಮಾತ್ರ ಬದ್ಧವಾದ ಪಡೆಯನ್ನು ಫ್ರಾನ್ಸಿಗೆ ಕಳುಹಿಸುವಂತಿಲ್ಲ ಎಂಬ ಕಾನೂನಿನ ತೊಡಕೂ ಅವರ ಮುಂದಿತ್ತು. ಆಕ್ರಮಣದ ಭಯದಿಂದ ಸ್ವದೇಶದಲ್ಲಿಯೂ ಪಡೆ ಬೇಕಾಗಿತ್ತು. ಇದರಿಂದಾಗಿ ಎರಡು ಸಂಘಟನೆಗಳು ಜನರಿಗಾಗಿ, ಬಂದೂಕುಗಳಿಗಾಗಿ, ಶಿಕ್ಷಕರಿಗಾಗಿ ಒಂದರೊಡನೊಂದು ಸ್ಪರ್ಧಿಸುವಂತಾಯಿತು.

ಪರದೇಶಕ್ಕೆ ಬರುವಿರಾ ಎಂದು ಟೆರಿಟೋರಿಯಲ್ ಬೆಟಾಲಿಯನ್‌ಗಳನ್ನು ಕೇಳಿದಾಗ, ಅವುಗಳಲ್ಲಿ ಬಹುಸಂಖ್ಯಾತರು ಒಪ್ಪಿ ಮುಂದೆ ಬಂದರು. ಒಂದು ಡಿವಿಷನ್ ಸೆಪ್ಟೆಂಬರ್‌ನಲ್ಲಿ ಈಜಿಪ್ಟಿಗೆ ಹೊರಟಿತು. ವೆಸೆಕ್ಸ್ ಮತ್ತು ಹೋಮ್ ಕೌಂಟಿಗಳ ಮೂರು ಡಿವಿಷನ್‌ಗಳ ಪಡೆಗಳು ಭಾರತಕ್ಕೆ ಬಂದು, ಇಲ್ಲಿದ್ದ ಕಾಯಂ ಬ್ರಿಟಿಷ್ ಬೆಟಾಲಿಯನ್‌ಗಳನ್ನು ಯುರೋಪಿನ ಯುದ್ಧಕ್ಕೆ ಬಿಡುಗಡೆಗೊಳಿಸಿದವು. ಲಂಡನ್ ಸ್ಕಾಟಿಷ್ ಬೆಟಾಲಿಯನ್ 1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಮೆಸೀನ್ಸ್ ಬಳಿ ಕಾಳಗಕ್ಕಿಳಿದು, ಜರ್ಮನರೊಡನೆ ಹೋರಾಡಿದ ಮೊದಲ ಟೆರಿಟೋರಿಯಲ್ ಕಾಲಾಳು ಬೆಟಾಲಿಯನ್ ಎನಿಸಿತು. ವರ್ಷಾಂತ್ಯದೊಳಗೆ ಇಪ್ಪತ್ತಕ್ಕೂ ಹೆಚ್ಚು ಬೆಟಾಲಿಯನ್‌ಗಳು ಫ್ರಾನ್ಸ್ ತಲುಪಿ, ಬಳಲಿಹೋಗಿದ್ದ ಕಾಯಂ ಸೈನ್ಯಕ್ಕೆ ಆಸರೆಯಾದವು. ಹೊಸ ಸೈನ್ಯ ಸಿದ್ಧವಾಗುವವರೆಗಿನ ಕಷ್ಟದ ತಿಂಗಳುಗಳಲ್ಲಿ ತೆರವನ್ನು ತುಂಬಿದವರು ಇವರೇ.

1915ರ ಫೆಬ್ರವರಿಯಿಂದ ಇಡೀ ಟೆರಿಟೋರಿಯಲ್ ಡಿವಿಷನ್‌ಗಳು ಫ್ರಾನ್ಸಿಗೆ ಹೋಗತೊಡಗಿದವು. ಗಲಿಪೊಲಿಯ ಕಾಳಗಗಳಲ್ಲಿಯೂ ಈ ಪಡೆಯ ಡಿವಿಷನ್‌ಗಳು ಭಾಗವಹಿಸಿ ಅಪಾರ ಸಾವುನೋವನ್ನು ಅನುಭವಿಸಿದವು. ಒಂದೇ ಊರಿನವರು ಒಂದೇ ಬೆಟಾಲಿಯನ್ನಿನಲ್ಲಿದ್ದುದು ಪಡೆಯ ಒಗ್ಗಟ್ಟಿಗೆ ಕಾರಣವಾಗಿತ್ತು. ಒಂದೇ ದಿನದ ಕಾಳಗದಿಂದ ಇಡೀ ಊರು ಶೋಕದಲ್ಲಿ ಮುಳುಗುವುದಕ್ಕೂ ಅದೇ ಕಾರಣವಾಯಿತು. 1916ರಲ್ಲಿ ಕಡ್ಡಾಯ ಸೈನಿಕ ಸೇವೆ ಜಾರಿಗೆ ಬಂದ ಮೇಲೆ ಟೆರಿಟೋರಿಯಲ್ ಮತ್ತು ಇತರ ಪಡೆಗಳ ನಡುವಣ ವ್ಯತ್ಯಾಸ ಕ್ರಮೇಣ ಮಾಸಿತು.

ಪದಚ್ಯುತಿ

ಯುದ್ಧ ಆರಂಭವಾದಾಗಿನಿಂದ ಕೆಲವು ಪತ್ರಿಕೆಗಳು ಹಾಲ್ಡೇನ್ ಅವರನ್ನು ಜರ್ಮನಿಯ ಪಕ್ಷಪಾತಿ ಎಂದು ಹಳಿಯತೊಡಗಿದವು. ಗಟಿಂಗೆನ್‌ನ ವಿದ್ಯಾಭ್ಯಾಸ, ಬರ್ಲಿನ್ ಭೇಟಿಗಳು, ಜರ್ಮನ್ ತತ್ತ್ವಶಾಸ್ತ್ರದ ಬಗ್ಗೆ ಆಡಿದ್ದ ಗೌರವದ ಮಾತುಗಳು ಅವರ ವಿರುದ್ಧ ಸಾಕ್ಷ್ಯಗಳಾದವು. ದಂಡಯಾತ್ರಾ ಪಡೆಯನ್ನು ತಡಮಾಡಿದರೆಂಬ ಆಧಾರರಹಿತ ಆರೋಪವೂ ಬಂದಿತು. ಪತ್ರಿಕೆಗಳ ಪ್ರೇರಣೆಯಿಂದ ಸಾವಿರಾರು ನಿಂದನಾ ಪತ್ರಗಳು ಅವರಿಗೆ ಬಂದವು. 1915ರ ಮೇ ತಿಂಗಳಲ್ಲಿ ಆಸ್ಕ್ವಿತ್ ಸಮ್ಮಿಶ್ರ ಸರ್ಕಾರ ರಚಿಸಿದಾಗ, ಕನ್ಸರ್ವೇಟಿವ್ ಪಕ್ಷದ ಷರತ್ತಿಗೆ ಮಣಿದು ತಮ್ಮ ಹಳೆಯ ಮಿತ್ರನನ್ನು ಮಂತ್ರಿಮಂಡಲದಿಂದ ಕೈಬಿಟ್ಟರು. ರಾಜ 5ನೆಯ ಜಾರ್ಜ್ ಅವರಿಗೆ ಆರ್ಡರ್ ಆಫ್ ಮೆರಿಟ್ ಗೌರವವನ್ನು ನೀಡಿದನು. ಹಾಲ್ಡೇನ್ ಅವರು ಬಹಿರಂಗವಾಗಿ ಯಾರನ್ನೂ ದೂರದೆ, ನ್ಯಾಯ ಹಾಗೂ ಶಿಕ್ಷಣದ ಕೆಲಸದಲ್ಲಿ ತೊಡಗಿಕೊಂಡರು.

1919ರ ಜುಲೈ 19ರಂದು ಲಂಡನ್ನಿನಲ್ಲಿ ವಿಜಯೋತ್ಸವದ ಮೆರವಣಿಗೆ ನಡೆಯಿತು. ಆ ಸಂಜೆ ಫೀಲ್ಡ್ ಮಾರ್ಷಲ್ ಹೇಗ್ ಅವರು ಹಾಲ್ಡೇನ್ ಅವರ ಮನೆಗೆ ಬಂದು, ತಮ್ಮ ಯುದ್ಧವರದಿಗಳ ಸಂಪುಟವೊಂದನ್ನು ಕೊಟ್ಟುಹೋದರು. ಇಂಗ್ಲೆಂಡ್ ಕಂಡ ಯುದ್ಧ ಸಚಿವರಲ್ಲಿ ಹಾಲ್ಡೇನ್ ಅವರೇ ಶ್ರೇಷ್ಠರೆಂಬ ಅಭಿಪ್ರಾಯವನ್ನು ಅದರಲ್ಲಿ ಬರೆದಿದ್ದರು.

ನಂತರದ ಜೀವನ

1917–18ರಲ್ಲಿ ಸರ್ಕಾರಿ ಆಡಳಿತ ಯಂತ್ರವನ್ನು ಕುರಿತ ಸಮಿತಿಗೆ ಹಾಲ್ಡೇನ್ ಅವರು ಅಧ್ಯಕ್ಷರಾಗಿದ್ದರು. ಆ ವರದಿ ಆಡಳಿತಶಾಸ್ತ್ರದ ವಿದ್ಯಾರ್ಥಿಗಳಿಗೆ ಇಂದಿಗೂ ಪರಿಚಿತ. ವಯಸ್ಕರ ಶಿಕ್ಷಣ ಚಳವಳಿಯಲ್ಲಿ ತೊಡಗಿ ಬರ್ಕ್‌ಬೆಕ್ ಕಾಲೇಜಿನ ಅಧ್ಯಕ್ಷರಾದರು. 1921ರಲ್ಲಿ ಸಾಪೇಕ್ಷತೆಯ ತತ್ತ್ವವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಅದೇ ವರ್ಷ ಲಂಡನ್ನಿಗೆ ಬಂದ ಆಲ್ಬರ್ಟ್ ಐನ್‌ಸ್ಟೈನ್ ಅವರು ಹಾಲ್ಡೇನ್ ಅವರ ಅತಿಥಿಯಾಗಿದ್ದರು. ಲಿಬರಲ್ ಪಕ್ಷದಿಂದ ದೂರವಾಗಿ, 1924ರಲ್ಲಿ ಮೊದಲ ಲೇಬರ್ ಸರ್ಕಾರದಲ್ಲಿ ಮತ್ತೊಮ್ಮೆ ಲಾರ್ಡ್ ಚಾನ್ಸಲರ್ ಆದರು. 1928ರ ಆಗಸ್ಟ್ 19ರಂದು ಸ್ಕಾಟ್ಲೆಂಡಿನ ಕ್ಲೋನ್ ಎಂಬಲ್ಲಿನ ತಮ್ಮ ಮನೆಯಲ್ಲಿ ನಿಧನರಾದರು. ಅವರ ಆತ್ಮಕಥೆ ಮರಣಾನಂತರ, 1929ರಲ್ಲಿ ಪ್ರಕಟವಾಯಿತು.

ಪರಂಪರೆ

ಟೆರಿಟೋರಿಯಲ್ ಫೋರ್ಸ್ ಯುದ್ಧಾನಂತರ 1920ರ ದಶಕದ ಆರಂಭದಲ್ಲಿ ಟೆರಿಟೋರಿಯಲ್ ಆರ್ಮಿ ಎಂಬ ಹೆಸರಿನಿಂದ ಮತ್ತೆ ರಚನೆಯಾಯಿತು. ಈ ಬಾರಿ ಪರದೇಶ ಸೇವೆಯ ಬದ್ಧತೆಯನ್ನು ಸೇರುವಾಗಲೇ ಒಪ್ಪಬೇಕಾಗಿತ್ತು. 1907ರಲ್ಲಿ ಬಿಟ್ಟುಕೊಟ್ಟ ಅಂಶವನ್ನು ಯುದ್ಧದ ಅನುಭವವೇ ಹೀಗೆ ಮರಳಿ ಸೇರಿಸಿತು. ಬ್ರಿಟನ್ನಿನ ಇಂದಿನ ಆರ್ಮಿ ರಿಸರ್ವ್ ಈ ಪರಂಪರೆಯ ಮುಂದುವರಿಕೆ.

ಭಾರತದಲ್ಲಿ 1920ರ ಕಾಯಿದೆಯಂತೆ ಇಂಡಿಯನ್ ಟೆರಿಟೋರಿಯಲ್ ಫೋರ್ಸ್ ಸ್ಥಾಪನೆಯಾಯಿತು. ಅದರ ಜೊತೆಗೆ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿಗಳ ತರಬೇತಿ ದಳಗಳೂ ಇದ್ದವು. ಸ್ವಾತಂತ್ರ್ಯಾನಂತರ 1948ರ ಕಾಯಿದೆಯಿಂದ ರೂಪುಗೊಂಡ ಟೆರಿಟೋರಿಯಲ್ ಆರ್ಮಿಯನ್ನು 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಉದ್ಘಾಟಿಸಿದರು. 1948ರಲ್ಲೇ ಆರಂಭವಾದ ಎನ್‌ಸಿಸಿ ಹಳೆಯ ವಿಶ್ವವಿದ್ಯಾನಿಲಯ ದಳಗಳ ಸ್ಥಾನವನ್ನು ಪಡೆಯಿತು. ಬೇರೆ ಉದ್ಯೋಗದಲ್ಲಿರುವ ನಾಗರಿಕನು ವರ್ಷದ ಕೆಲವು ದಿನ ಸೈನಿಕನಾಗಿ ತರಬೇತಿ ಪಡೆದು, ಕರೆ ಬಂದಾಗ ಘಟಕದೊಡನೆ ಹೊರಡುವ ಪದ್ಧತಿ ಹಾಲ್ಡೇನ್ ಅವರ ಕಾಲದ ವ್ಯವಸ್ಥೆಯನ್ನೇ ಹೋಲುತ್ತದೆ.

ಹಾಲ್ಡೇನ್ ಅವರ ಸುಧಾರಣೆಗಳನ್ನು ಕುರಿತು ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಯುರೋಪಿನ ಯುದ್ಧವನ್ನು ಮುಂಗಂಡು ಅವರು ಸೈನ್ಯ ಕಟ್ಟಿದರೆಂದು ಕೆಲವರು, ಹಣದ ಮಿತಿಯೇ ಅವರ ಯೋಜನೆಯನ್ನು ರೂಪಿಸಿತೆಂದು ಮತ್ತೆ ಕೆಲವರು ಅಭಿಪ್ರಾಯಪಡುತ್ತಾರೆ. ಮೀಸಲು ಘಟಕವು ಶಾಂತಿಕಾಲದಲ್ಲಿಯೇ ತನ್ನ ಎಲ್ಲ ಅಂಗಗಳೊಡನೆ ಪೂರ್ಣವಾಗಿರಬೇಕು, ಸ್ಥಳೀಯ ಸಮಾಜದಲ್ಲಿ ಬೇರೂರಿರಬೇಕು ಎಂಬ ಅವರ ಎರಡು ತತ್ತ್ವಗಳು ಯುದ್ಧದಲ್ಲಿ ಸಮರ್ಥಿಸಲ್ಪಟ್ಟವು. ಘಟಕ ಎಲ್ಲಿ ಹೋರಾಡಬೇಕೆಂಬುದನ್ನು ಅಸ್ಪಷ್ಟವಾಗಿ ಬಿಟ್ಟದ್ದು ಮಾತ್ರ ಆ ಪಡೆಗೆ ದುಬಾರಿಯಾಯಿತು.